ಓದುಗರ ಪ್ರಶ್ನೆ: ಗೋಡೆಬದಿಯ ಹಲಗೆಯ ಮೇಲೊಂದು ಕಲ್ಪಿತ ರೈಲ್ವೆ

ಪ್ರಶ್ನೆ: ನಮ್ಮ ಫ್ಲ್ಯಾಟಿನ ಗೋಡೆಯೊಂದರ ಉದ್ದಕ್ಕೂ ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಹಾಕಿಸಿಕೊಳ್ಳಲು ಮನೆಯವರು ಒಪ್ಪಿದ್ದಾರೆ. ಅಮೆರಿಕದ ಹವ್ಯಾಸಿಗಳು ಕಟ್ಟುವ ಕಲ್ಪಿತ ಶಾರ್ಟ್‌ಲೈನ್‌ಗಳ ಹಾಗೆ, ಬೆಂಗಳೂರಿನ ಆಸುಪಾಸಿನಲ್ಲಿ ಇದ್ದಿರಬಹುದಾದ ಒಂದು ಪುಟ್ಟ ರೈಲ್ವೆ ಕಂಪನಿಯ ಮಾದರಿ ಮಾಡುವ ಆಸೆಯಿದೆ. ಯಾವ ಸ್ಕೇಲ್ ಆರಿಸಿಕೊಳ್ಳಲಿ? ಹಳಿಗಳ ನಕ್ಷೆಯನ್ನು ಎಲ್ಲಿಂದ ಆರಂಭಿಸಲಿ?
– ಓದುಗರು, ಮಲ್ಲೇಶ್ವರ

ಉತ್ತರ: ನಕ್ಷೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಕಂಪನಿ ಯಾರ ಸರಕನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿ ಹೊಟ್ಟೆ ಹೊರೆಯುತ್ತಿತ್ತು ಎಂಬುದು ನಿಶ್ಚಯವಾದರೆ, ಹಳಿಗಳು ಎಲ್ಲಿ ಬೀಳಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಅಮೆರಿಕದ ಶಾರ್ಟ್‌ಲೈನ್ ಎಂದರೆ ಬೆರಳೆಣಿಕೆಯ ಗಿರಾಕಿಗಳನ್ನು ನಂಬಿಕೊಂಡು ಚಿಕ್ಕ ದಾರಿಯಲ್ಲಿ ಗಾಡಿ ಓಡಿಸುವ ಕಂಪನಿ; ದೊಡ್ಡ ರೈಲ್ವೆಯನ್ನು ಕೂಡುವ ಜಾಗದಲ್ಲಿ ವ್ಯಾಗನ್‌ಗಳನ್ನು ಕೊಟ್ಟು ತೆಗೆದುಕೊಳ್ಳುವುದೇ ಅದರ ಜೀವಾಳ. 1980ರ ಸ್ಟ್ಯಾಗರ್ಸ್ ಕಾಯಿದೆಯ ನಂತರ ದೊಡ್ಡ ಕಂಪನಿಗಳು ಲಾಭವಿಲ್ಲದ ಕವಲುದಾರಿಗಳನ್ನು ಕೈಬಿಟ್ಟಾಗ ಇಂಥವು ಅಲ್ಲಿ ಹೆಚ್ಚಿದವು. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದೆಂದರೆ ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದ ಎರಡೂವರೆ ಅಡಿಯ, ಅಂದರೆ 762 ಮಿ.ಮೀ. ಗೇಜಿನ (ಎರಡು ಕಂಬಿಗಳ ನಡುವಿನ ಅಂತರದ) ದಾರಿ. ಅದೀಗ ಬ್ರಾಡ್‌ಗೇಜ್ ಆಗಿದ್ದರೂ ನಂದಿ ಹಾಲ್ಟ್‌ನ ಹಳೆಯ ನಿಲ್ದಾಣದ ಕಟ್ಟಡ ಉಳಿದಿದೆ. ನಿಮ್ಮ ಕಲ್ಪಿತ ನಿಲ್ದಾಣಕ್ಕೆ ಅದಕ್ಕಿಂತ ಒಳ್ಳೆಯ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಈ ದಾರಿಯನ್ನು ಮಾದರಿಯಾಗಿಟ್ಟುಕೊಂಡರೆ ಸ್ಕೇಲಿನ ಪ್ರಶ್ನೆಯೂ ಬಗೆಹರಿಯುತ್ತದೆ. ಎಚ್‌ಒ ಸ್ಕೇಲ್ ಎಂದರೆ 1:87, ಅಂದರೆ ನಿಜದ ಗಾಡಿಯ 87ರಲ್ಲಿ ಒಂದು ಪಾಲಿನ ಗಾತ್ರ; ಅದರ 16.5 ಮಿ.ಮೀ. ಹಳಿ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿಗೆ ಸರಿಹೊಂದುತ್ತದೆಯೇ ಹೊರತು ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗಲ್ಲ, ಅದಕ್ಕೆ ಸುಮಾರು 19.3 ಮಿ.ಮೀ. ಬೇಕು. ಆದರೆ 762ನ್ನು 87ರಿಂದ ಭಾಗಿಸಿದರೆ 8.76 ಬರುತ್ತದೆ, ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲಿನ 9 ಮಿ.ಮೀ. ಹಳಿಗೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಎನ್ ಸ್ಕೇಲಿನ ಎಂಜಿನ್ನಿನ ಚಕ್ರ ಮತ್ತು ಮೋಟರಿರುವ ಅಡಿಭಾಗದ ಮೇಲೆ 1:87ರ ಮೈಯನ್ನು ಕೂರಿಸುವ ಈ ಪದ್ಧತಿಗೆ ಎಚ್‌ಒಇ ಎಂದು ಹೆಸರು. ಎನ್ ಹಳಿಯನ್ನು ಹಾಗೆಯೇ ಹಾಸಿದರೆ ಮಾತ್ರ ಸ್ಲೀಪರ್‌ಗಳು (ಕಂಬಿಗಳಡಿಯ ಅಡ್ಡದಿಮ್ಮಿಗಳು) ಗಿಡ್ಡವಾಗಿ, ಒತ್ತೊತ್ತಾಗಿ ಕಂಡು ಮೋಸ ಬಯಲಾಗುತ್ತದೆ. ಅವುಗಳ ನಡುವಿನ ಪ್ಲಾಸ್ಟಿಕ್ ಕೊಂಡಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಕೆಲವನ್ನು ತೆಗೆದು, ಉಳಿದವನ್ನು ಕೊಂಚ ಓರೆಯಾಗಿ ಸರಿಸಿ, ತುದಿಗಳು ಮರೆಯಾಗುವಂತೆ ಜರಡಿ ಹಿಡಿದ ಕೆಮ್ಮಣ್ಣು ತುಂಬಿದರೆ, ರಿಪೇರಿಗೆ ಕಾಸಿಲ್ಲದ ಕಂಪನಿಯ ದಾರಿ ಕಣ್ಣಮುಂದೆ ಬರುತ್ತದೆ.

ಇಲ್ಲಿ ಅಮೆರಿಕದ ಮಾದರಿಯಿಂದ ನೀವು ಬೇರೆಯಾಗಬೇಕು. ನ್ಯಾರೋಗೇಜ್ ವ್ಯಾಗನ್ ಬ್ರಾಡ್‌ಗೇಜಿನ ಮೇಲೆ ಓಡಲಾರದಾದ್ದರಿಂದ, ಎರಡು ಗೇಜುಗಳು ಕೂಡುವಲ್ಲಿ ಸರಕನ್ನು ಹಮಾಲರು ಒಂದರಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಾಗುತ್ತದೆ. ನನ್ನ ಮಟ್ಟಿಗೆ ನಿಮ್ಮ ಮಾದರಿಯ ಹೃದಯ ಆ ಬದಲಾವಣೆಯ ಪ್ಲಾಟ್‌ಫಾರ್ಮೇ: ಒಂದು ಬದಿಗೆ ಎತ್ತರದ ಬ್ರಾಡ್‌ಗೇಜ್ ವ್ಯಾಗನ್, ಇನ್ನೊಂದು ಬದಿಗೆ ಅದರ ಅರ್ಧದಷ್ಟಿಲ್ಲದ ನಿಮ್ಮ ಕಂಪನಿಯ ಬಂಡಿ, ನಡುವೆ ಹುಣಸೆಹಣ್ಣು, ಕಡಲೆಕಾಯಿ, ಆಲೂಗಡ್ಡೆಯ ಮೂಟೆಗಳು, ಬಿಲ್ಲು ಹಿಡಿದ ಗುಮಾಸ್ತ. ಬ್ರಾಡ್‌ಗೇಜ್ ವ್ಯಾಗನ್ ಓಡಬೇಕಾಗಿಲ್ಲವಾದ್ದರಿಂದ ಎರಡು ಕಂಬಿಗಳನ್ನು 19.3 ಮಿ.ಮೀ. ಅಂತರದಲ್ಲಿ ಕೈಯಿಂದಲೇ ಅಂಟಿಸಿದರೆ ಸಾಕು.

ಕಾಲವನ್ನೂ ನಿರ್ಧರಿಸಿಕೊಳ್ಳಿ. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಸ್ವಂತ ಬಣ್ಣ, ಸ್ವಂತ ಟಿಕೆಟ್ ಇರುವ ಖಾಸಗಿ ಕಂಪನಿಯ ಕಥೆ ಅದಕ್ಕೂ ಮೊದಲಿನದಾದರೆ ನಂಬಲು ಸುಲಭ. ವರ್ಜೀನಿಯನ್ ಅಂಡ್ ಒಹಾಯೊ ಎಂಬ ಕಲ್ಪಿತ ರೈಲ್ವೆಯನ್ನು ಕಟ್ಟಿದ ಅಲೆನ್ ಮೆಕ್‌ಲೆಲೆಂಡ್, ಗಾಡಿಗಳು ಕೋಣೆಯ ಆಚೆಗಿನ ಲೋಕದಿಂದ ಬಂದು ಅಲ್ಲಿಗೇ ಹೋಗುವಂತೆ ತೋರಬೇಕು ಎಂಬ ತತ್ವವನ್ನು ಹವ್ಯಾಸಿಗಳಲ್ಲಿ ನೆಲೆಗೊಳಿಸಿದರು. ನಿಮ್ಮ ಹಲಗೆಯ ಒಂದು ತುದಿಯ ಎರಡು ಅಡಿಯನ್ನು ಮರದ ತೋಪಿನ ಹಿಂದೆ ಮರೆಮಾಡಿ, ಗಾಡಿಗಳನ್ನು ಕೈಯಿಂದ ಬದಲಿಸುವ ಗುಪ್ತ ಯಾರ್ಡ್ ಮಾಡಿಕೊಂಡರೆ ಅದೇ ನಿಮ್ಮ ಚಿಂತಾಮಣಿ, ಅದೇ ನಿಮ್ಮ ಕೋಲಾರ.

ಗಾಡಿ ಸುತ್ತು ಹೊಡೆಯುವ ಆಸೆಯನ್ನಂತೂ ಬಿಟ್ಟುಬಿಡಿ. 9 ಇಂಚು ತ್ರಿಜ್ಯದ ತಿರುವಿಗೂ ಹಳಿಯ ನಡುಗೆರೆಯಿಂದ ನಡುಗೆರೆಗೆ 18 ಇಂಚು ಬೇಕು, ನಿಮ್ಮ ಹಲಗೆಯ ಅಗಲವೇ ಅಷ್ಟು. ಅದರ ಬದಲು ವ್ಯಾಗನ್‌ಗಳನ್ನು ಹಿಂದೆಮುಂದೆ ಸರಿಸಿ ಜೋಡಿಸುವ ಇಂಗಲ್‌ನುಕ್ ಎಂಬ ಪ್ರಸಿದ್ಧ ಶಂಟಿಂಗ್ ಆಟದ ವಿನ್ಯಾಸವನ್ನು ನಿಮ್ಮ ಜಂಕ್ಷನ್ನಿಗೆ ಹೊಂದಿಸಿಕೊಳ್ಳಿ. ಅದರಲ್ಲಿ ಹಳಿ ಕವಲೊಡೆಯುವ ಎರಡೇ ಪಾಯಿಂಟುಗಳು; ಐದು, ಮೂರು, ಮೂರು ವ್ಯಾಗನ್ ಹಿಡಿಯುವ ಮೂರು ಸೈಡಿಂಗ್‌ಗಳು, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಗಳು. ಎಂಟು ವ್ಯಾಗನ್‌ಗಳಲ್ಲಿ ಚೀಟಿ ಎತ್ತಿದ ಐದನ್ನು ಚೀಟಿಯ ಕ್ರಮದಲ್ಲೇ ಜೋಡಿಸಬೇಕು. ಸಾಧ್ಯವಿರುವ ಜೋಡಣೆಗಳು 6720, ಆದ್ದರಿಂದ ಬೇಸರದ ಭಯ ಬೇಡ. ಕೆಳಹಲಗೆಗೆ 12 ಮಿ.ಮೀ. ಪ್ಲೈವುಡ್ ಸಾಕು, ವೈರು, ಸ್ವಿಚ್ಚುಗಳೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಪ್ರಶ್ನೆ: ಆರು ಅಡಿಗೆ ಮೂರು ಅಡಿಯ ಹಲಗೆಯ ಮೇಲೆ ಎನ್ ಸ್ಕೇಲಿನ ಹಳಿ ಹಾಸಿದ್ದೇನೆ. ಬೆಟ್ಟದ ದಾರಿ ಕಾಣಲೆಂದು ಒಂದು ಹಳಿಯನ್ನು ಇನ್ನೊಂದರ ಮೇಲೆ ದಾಟಿಸಿದರೆ ಏರಿನಲ್ಲಿ ಎಂಜಿನ್ ಚಕ್ರ ಜಾರುತ್ತದೆ. ಏನು ಮಾಡಲಿ?
– ಓದುಗರು, ಕೆಂಗೇರಿ

ಉತ್ತರ: ಲೆಕ್ಕವೇ ನಿಮಗೆ ವಿರುದ್ಧವಾಗಿದೆ. ಮೇಲೆ ದಾಟಲು ಸುಮಾರು 5 ಸೆಂ.ಮೀ. ಎತ್ತರ ಬೇಕು, ಮೀಟರಿಗೆ 2 ಸೆಂ.ಮೀ.ನಂತೆ ನಿಧಾನವಾಗಿ ಏರಿದರೆ ಹತ್ತಲು ಎರಡೂವರೆ ಮೀಟರ್, ಇಳಿಯಲು ಮತ್ತೆ ಅಷ್ಟೇ. ನಿಮ್ಮ ಹಲಗೆಯ ಅಂಚಿನ ಒಳಗೆ ಒಂದು ಸುತ್ತಿಗೆ ಸಿಗುವ ಹಳಿ ನಾಲ್ಕೂಕಾಲು ಮೀಟರಿನ ಆಸುಪಾಸು. ಹಾಗಾಗಿ ಏರು ಕಡಿದಾಗಿರುತ್ತದೆ, ತಿರುವಿನಲ್ಲಿ ಅದು ಎಂಜಿನ್ನಿಗೆ ಇನ್ನಷ್ಟು ಭಾರವಾಗುತ್ತದೆ. ಹಳಿಯನ್ನು ಮಟ್ಟವಾಗಿಯೇ ಉಳಿಸಿ, ನೆಲವನ್ನು ಏರಿಳಿಸಿ. ಹಲಗೆಯ ಒಂದು ಮೂಲೆಯನ್ನು ಕತ್ತರಿಸಿ ಕೆಳಗಿಳಿಸಿ ಅಲ್ಲೊಂದು ಹಳ್ಳ, ಹಳಿಯಡಿಗೆ ಕಲ್ಲಿನ ಮೋರಿ ಮಾಡಿ. ಹಿಂಬದಿಯಲ್ಲಿ ಥರ್ಮೋಕೋಲ್ ಕೆತ್ತಿ ನಮ್ಮ ಸೀಮೆಯ ದುಂಡುಬಂಡೆಗಳ ಗುಡ್ಡ ಎಬ್ಬಿಸಿ. ಚೂಪಾದ ಶಿಖರ ಬೇಡ, ಅದು ಆಲ್ಪ್ಸ್ ಪರ್ವತದ ಲಕ್ಷಣ.

ಪ್ರಶ್ನೆ: ಎದುರಿಗೆ ಮನೆ ಕಟ್ಟುತ್ತಿರುವುದರಿಂದ ಹಳಿಗಳ ಮೇಲೆ ಸದಾ ಧೂಳು ಕೂರುತ್ತದೆ, ಎಂಜಿನ್ ತಡೆದು ತಡೆದು ಓಡುತ್ತದೆ.
– ಓದುಗರು, ಜಯನಗರ

ಉತ್ತರ: ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಕಂಬಿಗಳ ಮೇಲ್ಮೈಯನ್ನೂ ಎಂಜಿನ್ನಿನ ಚಕ್ರಗಳನ್ನೂ ಒರೆಸಿ, ಚಕ್ರ ಬಿಟ್ಟು ಹಳಿಯನ್ನಷ್ಟೇ ಒರೆಸಿದರೆ ಪ್ರಯೋಜನವಿಲ್ಲ. ಓಡಿಸದಿರುವಾಗ ಹಳೆಯ ಪಂಚೆ ಹೊದಿಸಿಡಿ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಬೇಡಿ, ಅದು ಮೂಡಿಸುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.