ಸಿನಿಮಾದವರು ಬೇಡ, ನಾಟಕದ ಜರ್ಮನ್ ನಟಿಯೊಬ್ಬರ ಬಗ್ಗೆ ಹೇಳುತ್ತೀರಾ?

ಹೇಳ್ತೀನಿ. ತೆರೇಸೆ ಗೀಸೆ.

ಮ್ಯೂನಿಕ್‌ನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುವ ಯು5 ಮೆಟ್ರೋದಲ್ಲಿ, ಕೊನೆಯ ಸ್ಟೇಷನ್‌ಗೆ ಒಂದು ಮುಂಚೆ, ಇವರ ಹೆಸರಿನ ಸ್ಟೇಷನ್ ಬರುತ್ತದೆ. ಬಹಳ ದಿನ ಅದು ಯಾವುದೋ ರಾಣಿಯ ಹೆಸರು ಅಂದುಕೊಂಡಿದ್ದೆ. ಒಂದಿನ ಸುಮ್ನೆ ಹುಡುಕಿದೆ ನೋಡಿ, ರಾತ್ರಿ ಒಂದು ಗಂಟೆಯಾದರೂ ಓದು ಮುಗಿಯಲಿಲ್ಲ.

1898ರಲ್ಲಿ ಇದೇ ಮ್ಯೂನಿಕ್‌ನ ಯಹೂದಿ ಮನೆಯಲ್ಲಿ ಹುಟ್ಟಿದವರು. ದಪ್ಪ ಮೈ, ಹೀರೋಯಿನ್ ಆಗುವ ಮುಖವಲ್ಲ. ಊರೂರಿನ ಸಣ್ಣ ಥಿಯೇಟರ್‌ಗಳಲ್ಲಿ ಪಳಗಿ 1926ಕ್ಕೆ ಮ್ಯೂನಿಕ್‌ನ ಕಾಮರ್‌ಶ್ಪೀಲೆ ನಾಟಕ ಸಂಸ್ಥೆಗೆ ಬಂದರು. ಅಲ್ಲಿ ಹೆಸರೂ ಬಂತು.

ಆಮೇಲಿನದೇ ನಿಜವಾದ ಕಥೆ. ಲೇಖಕ ಥಾಮಸ್ ಮನ್ ಅವರ ಮಕ್ಕಳಾದ ಎರಿಕಾ ಮತ್ತು ಕ್ಲೌಸ್ ಜೊತೆ ಸೇರಿ 1933ರ ಜನವರಿ 1ರಂದು 'ಮೆಣಸಿನ ಗಿರಣಿ' ಎಂಬ ಅರ್ಥದ ಹೆಸರಿಟ್ಟು ಒಂದು ಹಾಡು-ಹಾಸ್ಯದ ತಂಡ ಶುರು ಮಾಡಿದರು. ಹೆಸರೇ ಹೇಳುತ್ತದಲ್ವಾ, ಖಾರ ಜಾಸ್ತಿ. ಅದೇ ತಿಂಗಳ 30ಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ. ಮಾರ್ಚ್‌ನಲ್ಲಿ ಗೀಸೆ ದೇಶ ಬಿಟ್ಟು ಓಡಬೇಕಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ತಂಡ ಮತ್ತೆ ಎದ್ದು ನಿಂತಿತು. ಗೀಸೆ ಅಲ್ಲಿ ಮೂರ್ಖತನವೇ ಹೆಂಗಸಿನ ವೇಷದಲ್ಲಿ ಬಂದಂತೆ ನಿಂತು ಹಾಡುತ್ತಿದ್ದರು. ನಾಜಿಗಳ ಹೆಸರು ಎತ್ತಬೇಕಾಗೇ ಇರಲಿಲ್ಲ, ಯಾರಿಗೆ ತಾಗಬೇಕೋ ತಾಗುತ್ತಿತ್ತು. 1934ರಲ್ಲಿ ಅಲ್ಲಿನ ನಾಜಿ ಬೆಂಬಲಿಗರು ಗಲಾಟೆ ಎಬ್ಬಿಸಿ, ಪೊಲೀಸ್ ಕಾವಲಿನಲ್ಲಿ ಶೋ ನಡೆಸುವ ಹಾಗಾಯಿತು. 1937ರಲ್ಲಿ ನ್ಯೂಯಾರ್ಕ್‌ಗೂ ಹೋದರು, ಅಲ್ಲಿ ನಡೆಯಲಿಲ್ಲ. ಜರ್ಮನ್ ಚುಚ್ಚುಮಾತು ಇಂಗ್ಲಿಷಿನಲ್ಲಿ ಸಪ್ಪೆ ಆಗಿಬಿಟ್ಟಿತ್ತು.

ನಡುವೆ ಒಂದು ಮದುವೆಯೂ ಆಯಿತು! 1936ರಲ್ಲಿ, ಜಾನ್ ಹ್ಯಾಂಪ್ಸನ್ ಎಂಬ ಇಂಗ್ಲಿಷ್ ಲೇಖಕನ ಜೊತೆ. ಆತ ಸಲಿಂಗಿ, ಗೀಸೆಯ ಮನಸ್ಸು ಎರಿಕಾ ಮೇಲೆ. ಬೇಕಾಗಿದ್ದು ಬ್ರಿಟಿಷ್ ಪಾಸ್‌ಪೋರ್ಟ್, ಅಷ್ಟೇ. ವೀಸಾ ಕ್ಯೂನಲ್ಲಿ ನಿಂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಆದರೆ ನಮಗೆ ಅಲ್ಲಿ ಜೀವದ ಪ್ರಶ್ನೆ ಇರುವುದಿಲ್ಲ.

ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' ನಾಟಕ ಅಂದರೆ ಎಲ್ಲರೂ ಆತನ ಹೆಂಡತಿ ಹೆಲೆನೆ ವೈಗೆಲ್ ಹೆಸರು ಹೇಳುತ್ತಾರೆ. ವೈಗೆಲ್ ಬರ್ಲಿನ್‌ನಲ್ಲಿ ಆ ಪಾತ್ರ ಮಾಡಿದ್ದು 1949ರಲ್ಲಿ. ಮೊಟ್ಟಮೊದಲು ಮಾಡಿದವರು ಗೀಸೆ, 1941ರ ಏಪ್ರಿಲ್ 19ರಂದು, ಜ್ಯೂರಿಕ್‌ನಲ್ಲಿ. ಗಾಡಿ ಎಳೆದುಕೊಂಡು ಸೈನ್ಯದ ಹಿಂದೆ ಹೋಗಿ ಸಾಮಾನು ಮಾರುವ ಹೆಂಗಸು ಅವಳು. ಯುದ್ಧವೇ ಅವಳ ವ್ಯಾಪಾರ, ಅದೇ ಯುದ್ಧಕ್ಕೆ ಮೂರು ಮಕ್ಕಳನ್ನೂ ಕಳೆದುಕೊಳ್ಳುತ್ತಾಳೆ, ಆಮೇಲೂ ಗಾಡಿ ಎಳೆಯುತ್ತಾಳೆ. ಥಿಯೇಟರ್ ಹೊರಗೆ, ಗಡಿಯಾಚೆ, ನಿಜವಾದ ಯುದ್ಧ. ವೇದಿಕೆ ಮೇಲೆ ಜರ್ಮನಿಯಿಂದ ಓಡಿಬಂದ ಕಲಾವಿದರು. ಬ್ರೆಕ್ಟ್ ಆಗ ಫಿನ್ಲೆಂಡ್‌ನಲ್ಲಿ ಸಿಕ್ಕಿಕೊಂಡಿದ್ದ, ನೋಡಲಿಕ್ಕೇ ಆಗಲಿಲ್ಲ. ಪತ್ರಿಕೆಗಳು ಆ ತಾಯಿಯ ಮೇಲೆ ಮರುಕ ಪಟ್ಟು ಬರೆದವು. ಜನ ಅಳಬಾರದು, ಅವಳ ತಪ್ಪು ನೋಡಬೇಕು ಅಂತ ಬ್ರೆಕ್ಟ್‌ನ ಹಟ, ಕೊನೆಗೆ ಕೆಲವು ದೃಶ್ಯಗಳನ್ನೇ ತಿದ್ದಿದ. ನನಗಂತೂ ತಪ್ಪು ಗೀಸೆಯದು ಅನ್ನಿಸುವುದಿಲ್ಲ, 1941ರಲ್ಲಿ ಯಾರಿಗೆ ತಾನೆ ಅಳು ಬಾರದೆ ಇರುತ್ತಿತ್ತು? 1950ರಲ್ಲಿ ಮ್ಯೂನಿಕ್‌ನಲ್ಲಿ ಬ್ರೆಕ್ಟ್ ತಾನೇ ನಿರ್ದೇಶಿಸಿ ಅದೇ ಪಾತ್ರವನ್ನು ಮತ್ತೆ ಅವರಿಂದ ಮಾಡಿಸಿದ.

ಮುಂದೆ ಸ್ವಿಸ್ ನಾಟಕಕಾರ ಡ್ಯೂರೆನ್‌ಮಾಟ್ ಸರದಿ. 1956ರಲ್ಲಿ, ಆತನ ನಾಟಕವೊಂದರಲ್ಲಿ, ಹುಟ್ಟೂರಿಗೆ ವಾಪಸ್ ಬಂದು ನ್ಯಾಯವನ್ನು ದುಡ್ಡಿಗೆ ಕೊಳ್ಳುವ ಶ್ರೀಮಂತ ಮುದುಕಿಯ ಪಾತ್ರವನ್ನು ಮೊದಲು ಮಾಡಿದ್ದೂ ಗೀಸೆ. 1962ರ 'ಭೌತವಿಜ್ಞಾನಿಗಳು' ನಾಟಕದಲ್ಲಿ ಹುಚ್ಚಾಸ್ಪತ್ರೆಯ ಡಾಕ್ಟರ್ ಮೊದಲು ಗಂಡಸಾಗಿದ್ದ. ಗೀಸೆಗೋಸ್ಕರ ಅದು ಬಿಳಿ ಕೋಟು ಹಾಕಿದ, ಗೂನುಬೆನ್ನಿನ ಹೆಂಗಸಾಯಿತು! ನಾಟಕವನ್ನು ಅರ್ಪಿಸಿದ್ದೂ ಅವರಿಗೇ. ಚೆಲುವೆಯರಿಗೆ ಪಾತ್ರ ಬರೆಯುವುದು ಬಿಡಿ, ಎಲ್ಲರೂ ಮಾಡುತ್ತಾರೆ.

1975ರ ಮಾರ್ಚ್‌ನಲ್ಲಿ, 77 ತುಂಬಲು ಮೂರು ದಿನ ಇರುವಾಗ, ಮ್ಯೂನಿಕ್‌ನಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದು ಮಾತ್ರ ಜ್ಯೂರಿಕ್‌ನಲ್ಲಿ.

ನೋಡಬೇಕು ಅನ್ನಿಸಿದರೆ, ನೀವು ಸಿನಿಮಾ ಬೇಡ ಅಂದರೂ, 1974ರ ಫ್ರೆಂಚ್ ಸಿನಿಮಾ 'ಲಾಕೋಂಬ್ ಲೂಸಿಯೆನ್' (Lacombe, Lucien) ಹುಡುಕಿ. ಅಡಗಿ ಬದುಕುವ ಯಹೂದಿ ಮನೆಯ ಅಜ್ಜಿ ಇವರೇ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಒಬ್ಬರೇ ಕೂತು ಇಸ್ಪೀಟ್ ಆಡುತ್ತಿರುತ್ತಾರೆ.