ಅಬಕಾರಿ ಪ್ರಶ್ನೋತ್ತರ: ಪಾಲಿಕೆಯೇ ವೈನ್ ಶಾಪ್ ಇಡಬಹುದೇ?

ಪ್ರಶ್ನೆ: ಅಮೆರಿಕದಾಗ ಕೆಲವು ಊರಿನ ನಗರಸಭೆಯವರೇ ಮದ್ಯದಂಗಡಿ ನಡೆಸಿ, ಲಾಭದಾಗ ಪಾರ್ಕು, ರಸ್ತೆ ಮಾಡ್ತಾರಂತ್ರಿ. ನಮ್ಮ ಪಾಲಿಕೆಗೂ ಹಂಗ ಮಾಡಲಿಕ್ಕ ಬರಲ್ಲೇನ್ರಿ?
– ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಬರುವುದಿಲ್ಲ. ನೀವು ಕೇಳಿದ್ದು ಮಿನ್ನೆಸೋಟ ರಾಜ್ಯದ ಸುದ್ದಿ ಇರಬೇಕು. ಅಲ್ಲಿ ಜನಸಂಖ್ಯೆ 10,000 ಮೀರದ ಊರು ಸ್ವಂತ ಅಂಗಡಿ ತೆರೆಯಬಹುದು. ಮುಂದೆ ಊರು ಬೆಳೆದರೂ ಮುಚ್ಚಬೇಕಿಲ್ಲ. ಪಾರ್ಸೆಲ್ ಮಾರಾಟ ನಗರಸಭೆಯ ಕೈಯಲ್ಲಿದ್ದರೆ ಖಾಸಗಿಯವರಿಗೆ ಸಾಮಾನ್ಯವಾಗಿ ಆ ಲೈಸೆನ್ಸ್ ಸಿಗದು, ಹೋಟೆಲ್, ಕ್ಲಬ್‌ಗಳಿಗೆ ಕೂತು ಕುಡಿಯುವ ಲೈಸೆನ್ಸ್ ಮಾತ್ರ. ಮೂರು ವರ್ಷದಲ್ಲಿ ಎರಡು ವರ್ಷ ನಷ್ಟವಾದರೆ ಸಭೆ ಕರೆದು, ಅಂಗಡಿ ಇರಲೋ ಬೇಡವೋ ಎಂದು ಊರಿನವರನ್ನು ಕೇಳಲೇಬೇಕು. ಈ ಒಂದು ನಿಯಮ ನಮ್ಮ ಕಡೆಗೂ ಬಂದರೆ ಚೆನ್ನ.

ನಮ್ಮಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ಸನ್ನದು ಕೊಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ. ಸುಂಕ ರಾಜ್ಯದ ಬೊಕ್ಕಸಕ್ಕೆ. ಜನ ‘ಸರ್ಕಾರಿ ಅಂಗಡಿ’ ಅನ್ನುವ ಎಂಎಸ್‌ಐಎಲ್ ಮಳಿಗೆ ರಾಜ್ಯ ಸರ್ಕಾರದ ಕಂಪನಿಯದು, ಅದರ ಸನ್ನದು ಸಿಎಲ್-11ಸಿ. ಖಾಸಗಿ ವೈನ್ ಶಾಪ್‌ಗೆ ಸಿಎಲ್-2, ಬಾರ್‌ಗೆ ಸಿಎಲ್-9, ಲಾಡ್ಜ್‌ಗೆ ಸಿಎಲ್-7. ಎಲ್ಲರೂ ಮಾಲು ಎತ್ತುವುದು ರಾಜ್ಯ ಪಾನೀಯ ನಿಗಮದ ಡಿಪೊದಿಂದಲೇ. ಎಂಎಸ್‌ಐಎಲ್‌ದು ಅಸಲಿ, ಉಳಿದದ್ದು ಡೂಪ್ಲಿಕೇಟ್ ಅನ್ನುವ ಮಾತಿಗೆ ಹಾಗಾಗಿ ಹುರುಳಿಲ್ಲ.

ಪ್ರಶ್ನೆ: ಸೇಡಂನಲ್ಲಿ ಒಂದು ಸಿಎಲ್-2 ಲೀಸಿಗೆ ಸಿಗುತ್ತಿದೆ. ಬಾಂಡ್ ಮೇಲೆ ಕರಾರು ಬರೆಸಿಕೊಂಡು, ಅಂಗಡಿಯನ್ನು ಬೇರೆ ಓಣಿಗೆ ಒಯ್ಯಬಹುದೇ?

ಉತ್ತರ: ಎರಡಕ್ಕೂ ಇಲಾಖೆಯ ಅನುಮತಿ ಬೇಕು. ಸನ್ನದು ಕೊಟ್ಟಿರುವುದು ಒಬ್ಬ ವ್ಯಕ್ತಿಗೆ, ಒಂದು ಜಾಗಕ್ಕೆ. ಬಾಂಡ್ ಪೇಪರಿನ ಒಳ ಕರಾರು ಇಲಾಖೆಯ ಲೆಕ್ಕಕ್ಕಿಲ್ಲ. ಸಿಕ್ಕಿಬಿದ್ದರೆ 29ನೇ ಕಲಮಿನಡಿ ಸನ್ನದು ಅಮಾನತಾಗಬಹುದು, ರದ್ದೂ ಆಗಬಹುದು. ನೀವು ಕೊಟ್ಟ ದುಡ್ಡು ಹೋದ ಹಾಗೆಯೇ. ಹೆಸರಿಗೆ ವರ್ಗಾಯಿಸಿಕೊಳ್ಳುವುದಾದರೆ ಇಬ್ಬರೂ ಅರ್ಜಿ ಹಾಕಿ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಈ ಸಾಲಿನ ನವೀಕರಣವಾಗಿದೆಯೇ, ಹಳೆಯ ಕೇಸು, ಬಾಕಿ ಇವೆಯೇ ಎಂದು ಮೊದಲು ನೋಡಿ.

ಜನ ಎಡವುವುದು ಹೊಸ ಜಾಗದಲ್ಲಿ. ಗುಡಿ, ಮಸೀದಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ದೂರವಿರಬೇಕು. ಪರಿಶಿಷ್ಟರೇ ಹೆಚ್ಚಿರುವ ಬಡಾವಣೆಗೂ ಇದೇ ಅಳತೆ. ಅಳೆಯುವುದು ಗಾಳಿಯಲ್ಲಿ ಗೆರೆ ಎಳೆದಂತೆ ಅಲ್ಲ, ಮೊಬೈಲ್ ಮ್ಯಾಪ್‌ನಲ್ಲೂ ಅಲ್ಲ: ಅಂಗಡಿ ಬಾಗಿಲ ನಡುವಿನಿಂದ, ಜನ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಶಾಲೆಯ ಹತ್ತಿರದ ಗೇಟಿನ ನಡುವಿನವರೆಗೆ. ಕಂಪೌಂಡ್ ಇಲ್ಲದಿದ್ದರೆ ಕಟ್ಟಡದ ಬಾಗಿಲವರೆಗೆ. ಮುಂದಿನ ಗೇಟಿಗೆ 130 ಮೀಟರ್ ಬಂತೆಂದು ಖುಷಿಪಟ್ಟು, ಹಿಂದಿನ ಸಣ್ಣ ಗೇಟು 85ಕ್ಕೇ ಸಿಕ್ಕರೆ ಅರ್ಜಿ ಬಿದ್ದುಹೋಯಿತು. ಆದ್ದರಿಂದ ಕಟ್ಟಡದ ಮಾಲೀಕರಿಗೆ ಅಡ್ವಾನ್ಸ್ ಕೊಡುವ ಮೊದಲು ನೀವೇ ಟೇಪು ಹಿಡಿದು, ಓಣಿಯ ತಿರುವುಗಳನ್ನೆಲ್ಲ ಸೇರಿಸಿ ಅಳೆಯಿರಿ, ನಕ್ಷೆ ಬರೆದಿಟ್ಟುಕೊಳ್ಳಿ. ಹೆದ್ದಾರಿ ಬದಿಯಾದರೆ ಹೆದ್ದಾರಿಯಿಂದ 500 ಮೀಟರ್ ದೂರವಿರಬೇಕೆಂಬ ಸುಪ್ರೀಂ ಕೋರ್ಟಿನ ಆದೇಶವನ್ನೂ ನೋಡಬೇಕು. 20,000 ಒಳಗಿನ ಜನಸಂಖ್ಯೆಯ ಊರಿಗೆ ಅದು 220 ಮೀಟರ್. ಪುರಸಭೆ, ನಗರಸಭೆ ಎಲ್ಲೆಯೊಳಗಿನ ಸನ್ನದಿಗೆ ಆ ಆದೇಶ ಅಡ್ಡಿಯಲ್ಲ ಎಂದು 2017ರ ಜುಲೈನಲ್ಲಿ ಕೋರ್ಟೇ ಹೇಳಿದೆ.

ಪ್ರಶ್ನೆ: ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ 90 ಎಂಎಲ್ ಪಾಕೀಟು ಮಾರುತ್ತಾರೆ. ಸೀಲ್ ಇದ್ದ ಮಾಲು, ತಪ್ಪೇನು ಅನ್ನುತ್ತಾರೆ.
– ಮಹಿಳಾ ಸ್ವಸಹಾಯ ಸಂಘ, ಆಳಂದ ತಾಲ್ಲೂಕು

ಉತ್ತರ: ಮಾಲು ಅಸಲಿ ಇದ್ದರೂ ಸನ್ನದಿಲ್ಲದ ಮಾರಾಟ ಅಪರಾಧವೇ. ಅಂಗಡಿ ಮುಂದೆ ಕುಡಿಯಲು ಕೂಡಿಸಿದರೆ, ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ತಡೆಯುವ 15ಎ ಕಲಮೂ ಸೇರುತ್ತದೆ. ತಾಲ್ಲೂಕಿನ ಅಬಕಾರಿ ನಿರೀಕ್ಷಕರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ನಕಲನ್ನು ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಕಳಿಸಿ. ‘ಮಾರುತ್ತಾರೆ’ ಎಂದಷ್ಟೇ ಬರೆದರೆ ದಾಳಿ ಬಂದಾಗ ಕೌಂಟರಿನಲ್ಲಿ ಬಿಸ್ಕತ್ತು ಮಾತ್ರ ಸಿಗುತ್ತದೆ. ಯಾವ ಹೊತ್ತಿಗೆ, ಯಾರ ಬೈಕ್‌ನಲ್ಲಿ ಪೆಟ್ಟಿಗೆ ಬರುತ್ತದೆ, ಹಿತ್ತಲಲ್ಲೋ ಪಕ್ಕದ ಮನೆಯಲ್ಲೋ ಎಲ್ಲಿಡುತ್ತಾರೆ, ಅದನ್ನು ಬರೆಯಿರಿ.