ಕಷ್ಟ ಬಂದರೆ ದೇವರು ನಮ್ಮನ್ನು ಕ್ಷಮಿಸಿಲ್ಲ ಅಂತ ಅರ್ಥವೇ?

ಅಲ್ಲ. ಮಳೆ ಜಾಸ್ತಿಯಾಗಿ ಕಾಫಿ ಕಾಯಿ ಉದುರಿದ ವರ್ಷ, ಮೂಡಿಗೆರೆ ಕಡೆಯ ನಮ್ಮ ಪಕ್ಕದ ತೋಟದ ಅಜ್ಜಿಯೂ ಇದನ್ನೇ ಕೇಳಿದ್ದರು. ಗಿಡದ ಬುಡದಲ್ಲಿ ಕಪ್ಪಾಗಿ ಬಿದ್ದಿದ್ದ ಕಾಯಿ ಕೈಗೆತ್ತಿಕೊಂಡು, "ಯಾವ ಪಾಪಕ್ಕಪ್ಪಾ ಇದು?" ಅಂದರು.

ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುವುದೂ ಅದೇ: ಪಾಪ ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲ ಅಂದರು ಯೇಸುಸ್ವಾಮಿ. ಮತ್ತೆ ಕಷ್ಟ ಯಾಕೆ? ಬೈಬಲಿನಲ್ಲಿ ತಪ್ಪು ಮಾಡದೆಯೂ ಎಲ್ಲ ಕಳೆದುಕೊಂಡು ನರಳಿದ ಯೋಬನಿಗೂ ದೇವರು ಕಾರಣ ಹೇಳಲಿಲ್ಲ. ಆದರೆ "ನಿನ್ನ ತಪ್ಪೇ" ಅಂತ ವಾದಿಸಿದ ಗೆಳೆಯರನ್ನು ಗದರಿದರು. ಸುಮ್ನೆ ಉಪದೇಶ ಮಾಡುವ ನಮ್ಮಂಥವರನ್ನೂ ಸೇರಿಸಿ ಅನ್ನಿ!

ಇನ್ನು ಕ್ಷಮೆಯ ವಿಷಯಕ್ಕೆ ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿ. ಆಸ್ತಿಯೆಲ್ಲ ಹಾಳುಮಾಡಿ ಬಂದ ಮಗ ಬಾಯಿ ತೆರೆಯುವ ಮೊದಲೇ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ.